ತೂಕ ನಿಂತ ಮೇಲೂ ಓಟಿ ನೋಡಬೇಕು

ವಸ್ತುಗಳ ಗುಣಗಳನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ನಮ್ಮ ರಿಸರ್ಚ್ ಗ್ರೂಪಿಗೆ ಲ್ಯಾಬ್ ಅಂತ ಇರುವುದು ಒಂದಷ್ಟು ಕಂಪ್ಯೂಟರು, ಒಂದು ವೈಟ್‌ಬೋರ್ಡು, ಅಷ್ಟೇ. ಕುಲುಮೆ ಇಲ್ಲ, ಆ್ಯಸಿಡ್ ಇಲ್ಲ. ಹಾಗಾಗಿ ಮೀಟಿಂಗನ್ನು ಎಲ್ಲಿ ಬೇಕಾದರೂ ಮಾಡಬಹುದು ಅಂತ ಫೆಬ್ರವರಿಯಲ್ಲಿ ಎಲ್ಲರನ್ನೂ ಗೋಣಿಕೊಪ್ಪದ ಹತ್ತಿರ ಸೋದರಮಾವನ ತೋಟಕ್ಕೆ ಕರೆದುಕೊಂಡು ಹೋದೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದಿತ್ತು. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಬರುತ್ತದೆ. ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಅಲ್ಲೇ ಠಿಕಾಣಿ ಹೂಡಿದರು.

ಹೊಸದಾಗಿ ಸೇರಿದ ಧಾರವಾಡದ ಹುಡುಗಿ ಸಿಲಿಕಾನ್ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದಳು. ಒಂದೊಂದೇ ಎಲೆಕ್ಟ್ರಾನಿನ ಬೆನ್ನು ಹತ್ತುವ ಬದಲು ಅವುಗಳ ಒಟ್ಟು ಸಾಂದ್ರತೆಯಿಂದಲೇ ಶಕ್ತಿಯನ್ನು ಲೆಕ್ಕ ಹಾಕಬಹುದು ಎಂದು ವಾಲ್ಟರ್ ಕೋನ್ ಮತ್ತು ಜೊತೆಗಾರರು 1964–65ರಲ್ಲಿ ತೋರಿಸಿದರು. ಭೌತವಿಜ್ಞಾನಿಯಾದ ಕೋನ್‌ಗೆ 1998ರಲ್ಲಿ ನೊಬೆಲ್ ಬಂದದ್ದು ರಸಾಯನಶಾಸ್ತ್ರದಲ್ಲಿ! ನಮ್ಮೆಲ್ಲರ ಅನ್ನ ಆ ವಿಧಾನದಿಂದಲೇ. ಆ ಲೆಕ್ಕ ಮಾಡುವ ಸಾಫ್ಟ್‌ವೇರಿನ ಹೆಸರು ಕ್ವಾಂಟಮ್ ಎಸ್ಪ್ರೆಸೊ. ಮಾವನಿಗೆ ಮೊದಲು ಹಿಡಿಸಿದ್ದು ಅದೊಂದೇ.

ಅವಳು ಕಟಾಫನ್ನು 20, 30, 40, 50 ರಿಡ್‌ಬರ್ಗ್ ಅಂತ ಏರಿಸುತ್ತಾ ಹೋದಳು. ಕಟಾಫ್ ಅಂದರೆ ಲೆಕ್ಕ ಎಷ್ಟು ನವಿರಾಗಿರಬೇಕು ಅನ್ನುವ ಮಿತಿ; ರಿಡ್‌ಬರ್ಗ್ ಅದನ್ನು ಅಳೆಯುವ ಮಾನ. ಏರಿಸಿದಷ್ಟೂ ಶಕ್ತಿ ಇಳಿಯುತ್ತದೆ. 40 ದಾಟಿದ ಮೇಲೆ ಅಂಕಿ ಹೆಚ್ಚುಕಡಿಮೆ ಅಲುಗಲೇ ಇಲ್ಲ.

ಹಿಂದೆ ನಿಂತು ನೋಡುತ್ತಿದ್ದ ಮಾವ, "ಇದು ನಮ್ಮ ಫೋರ್ಲಿಟ್ ಲೆಕ್ಕವೇ ಅಲ್ವೇನಮ್ಮಾ?" ಅಂದರು. ಫೋರ್ಲಿಟ್ ಅಂದರೆ 40 ಲೀಟರ್ ಹಿಡಿಯುವ ಅಳತೆ. ಒಣಗುತ್ತಿರುವ ಚೆರಿಯನ್ನು, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣನ್ನು, ಅದರಲ್ಲಿ ತುಂಬಿ ದಿನವೂ ತೂಗುತ್ತಾರೆ. ತೂಕ ಇಳಿಯುತ್ತಾ ಬಂದು, ಸತತ ಎರಡು ದಿನ ಒಂದೇ ಬಂದರೆ ಒಣಗಿತು ಅಂತ. ಮಾವ ಒಂದು ಮುಷ್ಟಿ ಚೆರಿ ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಸಿಪ್ಪೆಯೊಳಗೆ ಬೀಜ ಗಲಗಲ ಅಂದಿತು.

ಅವಳಿಗೆ ಖುಷಿಯೋ ಖುಷಿ. ಆದರೆ ನಮ್ಮ ಗ್ರೂಪಿನ ಮೇಡಂ ಸುಮ್ಮನೆ ಬಿಡುವವರಲ್ಲ. "ಬ್ಯಾಂಡ್ ಗ್ಯಾಪ್ ಎಷ್ಟು?" ಅಂತ ಕೇಳಿದರು. ಕಟ್ಟಿಬಿದ್ದ ಎಲೆಕ್ಟ್ರಾನನ್ನು ವಿದ್ಯುತ್ ಹರಿಸುವಂತೆ ಬಿಡಿಸಲು ಬೇಕಾದ ಕನಿಷ್ಠ ಶಕ್ತಿಯೇ ಬ್ಯಾಂಡ್ ಗ್ಯಾಪ್. ಲೆಕ್ಕದಲ್ಲಿ ಬಂದದ್ದು ಸುಮಾರು 0.6 ಎಲೆಕ್ಟ್ರಾನ್ ವೋಲ್ಟ್. ನಿಜವಾದ ಸಿಲಿಕಾನಿನದು 1.1. ಕಟಾಫನ್ನು ಇನ್ನೆಷ್ಟು ಏರಿಸಿದರೂ ಈ ಅಂತರ ತುಂಬುವುದಿಲ್ಲ. ಕೊರತೆ ಇರುವುದು ಎಲೆಕ್ಟ್ರಾನುಗಳ ಪರಸ್ಪರ ವ್ಯವಹಾರವನ್ನು ನಾವು ಅಂದಾಜು ಮಾಡುವ ಸೂತ್ರದಲ್ಲೇ. ಅಂಕಿ ನಿಂತಿತು ಅಂದಕೂಡಲೇ ಪೇಪರ್ ಬರೆಯಲು ಕೂರುವವರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ.

ಮಾವ ನಕ್ಕರು. "ತೂಕ ನಿಂತ ಮೇಲೂ ಓಟಿ ನೋಡ್ಬೇಕಲ್ಲ ಮೇಡಂ." ಓಟಿ ಅಂದರೆ ಔಟ್‌ಟರ್ನ್: 50 ಕೆಜಿ ಚೆರಿಯ ಸಿಪ್ಪೆ ತೆಗೆದರೆ ಉಳಿಯುವ ಬೀಜದ ತೂಕ. ಕಾಫಿ ಎಷ್ಟೇ ಚೆನ್ನಾಗಿ ಒಣಗಿರಲಿ, ವ್ಯಾಪಾರಿ ದುಡ್ಡು ಎಣಿಸುವುದು ಓಟಿಯ ಮೇಲೆ.

ಆ ಅಂದಾಜು ಸೂತ್ರದ ಬದಲು ಹೈಬ್ರಿಡ್ ಫಂಕ್ಷನಲ್ ಅನ್ನುವ ಇನ್ನೂ ನಿಖರವಾದ ಸೂತ್ರ ಹಾಕಿದರೆ ಗ್ಯಾಪ್ 1.1ರ ಆಸುಪಾಸಿಗೆ ಬರುತ್ತದೆ, ಆದರೆ ಸಮಯ ಎಷ್ಟೋ ಪಟ್ಟು ಹೆಚ್ಚು. ಅವಳು ಕಣದಿಂದಲೇ ಆ ಜಾಬ್ ಹಾಕಿದಳು. ಸಂಜೆ ಕರೆಂಟು ಹೋಯಿತು; ಲೆಕ್ಕ ನಡೆಸುವ ಕಂಪ್ಯೂಟರುಗಳ ಕ್ಲಸ್ಟರ್ ಇರುವುದು ಯೂನಿವರ್ಸಿಟಿಯಲ್ಲಿ, ಅದಕ್ಕೇನೂ ಆಗುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾವ ಕೇಳಿದರು: "ಓಟಿ ಎಷ್ಟು ಬಂತಮ್ಮಾ?"

"ಇನ್ನೂ ಕ್ಯೂನಲ್ಲೇ ಇದೆ ಅಂಕಲ್."

"ನಮ್ದೂ ಹಾಗೇ. ಮಿಲ್ಲಲ್ಲಿ ನಮಗಿಂತ ಮುಂದೆ ಇನ್ನೂ ನಾಲ್ಕು ಲೋಡ್ ನಿಂತಿದೆ."