ನಿನ್ನ ಮಾಂಕ್ ಯಾಕೆ ಸಾಯಲ್ಲ?

ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಡುವ ಗೆಳೆಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಅವರೂ ಆಸೆಪಟ್ಟು ಒಬ್ಬ ಮಾಂಕ್, ಅಂದರೆ ಹೊಡೆದಾಡುವ ಸನ್ಯಾಸಿಯ ಪಾತ್ರ, ಮಾಡಿಕೊಂಡಿರುತ್ತಾರೆ. ಗೋಡೆ ಹತ್ತಿ, ಗಾಳಿಯಲ್ಲಿ ಹಾರಿ, ಬರಿಗೈಯಲ್ಲಿ ರಾಕ್ಷಸರನ್ನು ಮಲಗಿಸುವ ಆಸೆ. ಎರಡನೇ ಭಾನುವಾರಕ್ಕೆಲ್ಲ ಮಾಂಕ್ ಮಣ್ಣು ಸೇರಿರುತ್ತಾನೆ. ಆಮೇಲೆ ನನಗೆ ಫೋನ್: "ಮಗಾ, ಮಾಂಕ್ ವೇಸ್ಟು ಕಣೋ. ನಿಂದ್ ಮಾತ್ರ ಹೆಂಗೆ ಬದುಕಿದೆ?"

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತೇವೆ. ಒಬ್ಬರು ಡಿಎಂ, ಅಂದರೆ ಕತೆ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡುತ್ತೇನೆ ಅಂತ ಬಾಯಲ್ಲಿ ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಜಗಳ ಶುರುವಾದರೆ ಚೌಕುಳಿ ನಕ್ಷೆ ಹಾಸುತ್ತೇವೆ. ಒಂದು ಚೌಕ ಅಂದರೆ 5 ಅಡಿ, ಒಂದು ಸುತ್ತು ಅಂದರೆ 6 ಸೆಕೆಂಡ್. ನಮ್ಮ ಗುಂಪು ಇನ್ನೂ 2014ರ ನಿಯಮದಲ್ಲೇ ಆಡುತ್ತದೆ. ಹಾಗಾಗಿ ಇಲ್ಲಿನ ಲೆಕ್ಕವೆಲ್ಲ ಅದರದು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮೊದಲ ಮಾಂಕ್ ಕೂಡ ಸತ್ತ. ಗುದ್ದಬೇಕಾದರೆ ತೋಳಲ್ಲಿ ಬಲ ಬೇಕು ಅಲ್ವಾ ಅಂತ ಯೋಚಿಸಿ, ಪಾತ್ರದ ಗುಣಗಳಿಗೆ ಹಂಚಲು ನನ್ನ ಹತ್ತಿರ ಇದ್ದ ಅಂಕಿಗಳಲ್ಲಿ ದೊಡ್ಡದನ್ನು ಸ್ಟ್ರೆಂತ್‌ಗೆ, ಅಂದರೆ ಬಲಕ್ಕೆ ಹಾಕಿದ್ದೆ. ಅದರ ನಂತರದ್ದು ಕಾನ್‌ಸ್ಟಿಟ್ಯೂಷನ್‌ಗೆ, ಅಂದರೆ ಮೈಯ ತಾಳಿಕೆಗೆ. ಡೆಕ್ಸ್ಟೆರಿಟಿ (ಚುರುಕು) 14, ವಿಸ್ಡಮ್ (ವಿವೇಕ) 11. ಮಾಂಕ್ ಕವಚ ತೊಡುವಂತಿಲ್ಲ. ಅವನ ಎಸಿ, ಅಂದರೆ ಏಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕಿ, 10ರ ಜೊತೆ ಡೆಕ್ಸ್ಟೆರಿಟಿ ಮತ್ತು ವಿಸ್ಡಮ್ ಎರಡರ ಬೋನಸ್ (10ರ ಮೇಲಿನ ಪ್ರತಿ ಎರಡಕ್ಕೆ ಒಂದು) ಕೂಡಿದರೆ ಬರುತ್ತದೆ. ನನ್ನದು 12. ನಿಲುವಂಗಿ ತೊಟ್ಟ ನಮ್ಮ ವಿಝರ್ಡ್ ಒಂದು ಮಂತ್ರ ಹೇಳಿಕೊಂಡು 15 ಮಾಡಿಕೊಂಡಿದ್ದ! ಆದರೂ ಮುಂದೆ ನಿಂತಿದ್ದು ನಾನು. ಒಬ್ಬ ಓಗರ್, ಅಂದರೆ ದಡಿಯ ರಾಕ್ಷಸ, ದೊಣ್ಣೆ ಬೀಸಿದ. 18 ಅಂಕದ ಏಟು. ನನ್ನಲ್ಲಿದ್ದ ಜೀವ 17. ಆಮೇಲೆ ಸಾವು ತಪ್ಪಿಸಿಕೊಳ್ಳುವ ದಾಳ ಮೂರು ಸಲ ಕೈಕೊಟ್ಟಿತು. ಡಿಎಂ ಸುಮ್ನೆ ಒಂದು ಹೊಸ ಹಾಳೆ ನನ್ನ ಕಡೆ ತಳ್ಳಿದರು.

ಹಾಗಾದರೆ ಉತ್ತರ ಏನು? ಮಾಂಕ್‌ನನ್ನು ಕೈಯಲ್ಲಿ ಆಡಬೇಡಿ, ಕಾಲಲ್ಲಿ ಆಡಿ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನು ಎದುರಾಳಿಯ ಅಂಗಳದಲ್ಲಿ ನಿಂತು ಕುಸ್ತಿ ಹಿಡಿಯುವುದಿಲ್ಲ. ಮುಟ್ಟುತ್ತಾನೆ, ಗೆರೆಗೆ ವಾಪಸ್ ಬರುತ್ತಾನೆ. ಮಾಂಕ್ ಅಂದರೆ ಅವನೇ. ಹೊಡೆಯುವ ಜನ ಗುಂಪಿನಲ್ಲಿ ಬೇಕಾದಷ್ಟು ಇರುತ್ತಾರೆ. ಆದರೆ ಬೇರೆ ಯಾರೂ ತಲುಪಲಾಗದ ಜಾಗಕ್ಕೆ ಒಂದೇ ಸುತ್ತಿನಲ್ಲಿ ಹೋಗಿ ಬರುವವನು ಇವನೊಬ್ಬನೇ.

ನನ್ನ ಈಗಿನ ಮಾಂಕ್ ಹೆಸರು ಪಾದರಸ. ವುಡ್ ಎಲ್ಫ್. ಈ ಜಾತಿಯ ನಡಿಗೆಯೇ ಒಂದು ಸುತ್ತಿಗೆ 35 ಅಡಿ, ಜೊತೆಗೆ ಡೆಕ್ಸ್ಟೆರಿಟಿಗೆ 2, ವಿಸ್ಡಮ್‌ಗೆ 1 ಉಚಿತ. ಎಲ್ಲರಿಗೂ ಸಿಗುವ 15, 14, 13, 12, 10, 8ರಲ್ಲಿ 15 ಡೆಕ್ಸ್ಟೆರಿಟಿಗೆ, 14 ವಿಸ್ಡಮ್‌ಗೆ, 13 ಕಾನ್‌ಸ್ಟಿಟ್ಯೂಷನ್‌ಗೆ. ಸ್ಟ್ರೆಂತ್‌ಗೆ 8. ಹೌದು, 8. ಮಾಂಕ್‌ನ ಗುದ್ದಿಗೂ ಕೋಲಿಗೂ ಡೆಕ್ಸ್ಟೆರಿಟಿಯೇ ಸಾಕು. ಹೀಗೆ 17 ಮತ್ತು 15ರಿಂದ ಶುರುವಾಗುತ್ತದೆ, ಎಸಿ 15. ನಾಲ್ಕನೇ ಲೆವೆಲ್‌ನಲ್ಲಿ ಎರಡಕ್ಕೂ ಒಂದೊಂದು ಸೇರಿಸಿದರೆ 18 ಮತ್ತು 16, ಎಸಿ 17. ಬೆಸ ಸಂಖ್ಯೆ ಇಟ್ಟುಕೊಂಡು ಕಾಯುವ ಈ ಉಪಾಯ ಚೀಟಿ ಹಾಕಿದ ಹಾಗೆ. ಮೂರು ಲೆವೆಲ್ ಸ್ವಲ್ಪ ಕೊರಗಬೇಕು, ಆಮೇಲೆ ಎರಡು ಕಡೆಯಿಂದ ಒಟ್ಟಿಗೆ ಬರುತ್ತದೆ.

ಎರಡನೇ ಲೆವೆಲ್‌ನಲ್ಲಿ ಮಾಂಕ್‌ಗೆ 10 ಅಡಿ ಹೆಚ್ಚು ನಡಿಗೆ ಸಿಗುತ್ತದೆ. ಪಾದರಸನಿಗೆ 45 ಆಯಿತು. ಜೊತೆಗೆ 'ಕೀ' ಅನ್ನುವ ಶಕ್ತಿ, ಲೆವೆಲ್ ಎಷ್ಟೋ ಅಷ್ಟು. ಹೊಸಬರು ಎಡವುವುದು ಇಲ್ಲೇ. ಕೀ ಕೈಗೆ ಸಿಕ್ಕಿದ ಕೂಡಲೇ ಫ್ಲರಿ ಆಫ್ ಬ್ಲೋಸ್ ಅಂತ ಎರಡೆರಡು ಗುದ್ದು ಗುದ್ದಿ ಖಾಲಿ ಮಾಡಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಮಾಂಕ್ ಹೊಡೆದ ಮೇಲೆ ಒಂದು ಗುದ್ದು ಹೇಗೂ ಬಿಟ್ಟಿ ಸಿಗುತ್ತದೆ. ಫ್ಲರಿಯಲ್ಲಿ ಅದು ಎರಡಾಗುತ್ತದೆ, ಅಷ್ಟೇ. ಒಂದು ಕೀ ಕೊಟ್ಟು ನೀವು ಕೊಂಡದ್ದು ಒಂದೇ ಒಂದು ಗುದ್ದು. ಎರಡನೇ ಲೆವೆಲ್‌ನಲ್ಲಿ ಅದು ಸರಾಸರಿ ಐದೂವರೆ ಅಂಕದ ಏಟು, ಅದೂ ತಾಗಿದರೆ. ಅದೇ ಒಂದು ಕೀಗೆ ಸ್ಟೆಪ್ ಆಫ್ ದಿ ವಿಂಡ್ ತೆಗೆದುಕೊಂಡರೆ, ಹೊಡೆದ ಮೇಲೆ ಎದುರಾಳಿಯ ಕೈಗೆ ಸಿಗದೆ ಜಾರಿಕೊಳ್ಳಬಹುದು. ಇಲ್ಲವೇ ಹೊಡೆಯುವ ಅವಕಾಶ ಬಿಟ್ಟುಕೊಡದೆ ಇಮ್ಮಡಿ ದೂರ ಓಡಬಹುದು. ಜಿಗಿತವೂ ಆ ಸುತ್ತಿಗೆ ಇಮ್ಮಡಿ.

ಆ ಜಿಗಿತದ ಬಗ್ಗೆ ಒಂದು ಕತೆ ಹೇಳಲೇಬೇಕು. ಐದನೇ ಲೆವೆಲ್‌ನಲ್ಲಿದ್ದೆವು. ಕಮರಿಗೆ ಅಡ್ಡವಾಗಿ ಒಂದು ಸೇತುವೆ. ಸೇತುವೆ ಮೇಲೆ ಮತ್ತೆ ಓಗರ್. (ನಮ್ಮ ಡಿಎಂಗೆ ಓಗರ್ ಅಂದರೆ ಯಾಕೋ ಪ್ರೀತಿ.) ಆಚೆ ದಡದಲ್ಲಿ ಒಬ್ಬ ಮಂತ್ರವಾದಿ. ಅವನು ಹೋಲ್ಡ್ ಪರ್ಸನ್ ಮಂತ್ರ ಹಾಕಿ ನಮ್ಮ ಫೈಟರ್‌ನನ್ನು ಸೇತುವೆ ಮೇಲೆ ಕಲ್ಲಿನ ಹಾಗೆ ನಿಲ್ಲಿಸಿದ್ದ. ಹಾಗೆ ನಿಂತವನಿಗೆ ಪಕ್ಕದಿಂದ ಬಿದ್ದ ಏಟೆಲ್ಲ ಕ್ರಿಟಿಕಲ್, ಅಂದರೆ ಏಟಿನ ದಾಳ ಇಮ್ಮಡಿ. ಓಗರ್ ದೊಣ್ಣೆ ಎತ್ತಿದ್ದ. ಅವನ ಸರದಿಗೆ ಮೊದಲು ಉಳಿದಿದ್ದು ನನ್ನ ಸರದಿ ಒಂದೇ.

ಸೇತುವೆ ಮೇಲೆ ದಾರಿ ಇಲ್ಲ. ಪಕ್ಕದಿಂದ ಹಾರಬೇಕು. ನಾನು ಚೌಕ ಎಣಿಸಿದೆ. ಕಮರಿಯ ಅಂಚಿಗೆ 25 ಅಡಿ, ಕಮರಿ 15 ಅಡಿ, ಆಚೆ ಮಂತ್ರವಾದಿಗೆ 30 ಅಡಿ. ಒಟ್ಟು 70. ಒಂದು ಕೀ ಹಾಕಿದರೆ ನನ್ನ ಓಟ 90. ಓಟ ಸಾಕು, ಜಿಗಿತ ಸಾಲುತ್ತಾ? ಈ ಆಟದಲ್ಲಿ ಉದ್ದ ಜಿಗಿತ ಡೆಕ್ಸ್ಟೆರಿಟಿಯಿಂದ ಬರುವುದಿಲ್ಲ, ಸ್ಟ್ರೆಂತ್‌ನಿಂದ ಬರುತ್ತದೆ! 10 ಅಡಿ ಓಡಿ ಬಂದು ಹಾರಿದರೆ ಸ್ಟ್ರೆಂತ್ ಎಷ್ಟೋ ಅಷ್ಟು ಅಡಿ. ನನ್ನದು ಎಂಟು. ಮೇಜಿನ ಸುತ್ತ ಎಲ್ಲರೂ ನನ್ನ ಹಾಳೆಗೆ ಬಗ್ಗಿ ನೋಡಿದರು. ಎಂಟು ಎರಡಲ ಹದಿನಾರು. ಕಮರಿ ಹದಿನೈದು. ಒಂದು ಅಡಿ ಮಿಕ್ಕಿತು.

ಮಂತ್ರವಾದಿಗೆ ಎರಡು ಏಟು ಕೋಲಿನಲ್ಲಿ. ಎರಡೂ ತಾಗಿದವು. ಐದನೇ ಲೆವೆಲ್‌ನಿಂದ ಮಾಂಕ್‌ಗೆ ಸ್ಟನಿಂಗ್ ಸ್ಟ್ರೈಕ್ ಇದೆ. ತಾಗಿದ ಏಟಿಗೆ ಒಂದು ಕೀ ಸೇರಿಸಿದರೆ, ಎದುರಾಳಿ ಕಾನ್‌ಸ್ಟಿಟ್ಯೂಷನ್ ದಾಳ ಹಾಕಿ ತಡೆದುಕೊಳ್ಳಬೇಕು. ಇಲ್ಲದಿದ್ದರೆ ನನ್ನ ಮುಂದಿನ ಸರದಿ ಮುಗಿಯುವವರೆಗೆ ಮಂಕು ಬಡಿದು ನಿಲ್ಲುತ್ತಾನೆ. ಮೊದಲ ಏಟಿಗೆ ಡಿಎಂ 16 ಹಾಕಿದರು. ಎರಡನೇ ಏಟಿಗೆ ಬಿದ್ದಿದ್ದು ಆರು. ಮಂತ್ರವಾದಿಯ ಗಮನ ತಪ್ಪಿತು, ಮಂತ್ರ ಹರಿಯಿತು, ಫೈಟರ್ ಕಣ್ಣು ಮಿಟುಕಿಸಿದ. ಓಗರ್ ಬೀಸಿದ ದೊಣ್ಣೆ ಅವನ ಗುರಾಣಿಗೆ ಬಡಿಯಿತು. ಖರ್ಚಾದ ಕೀ ಮೂರು. ನಾನು ಆ ಸುತ್ತಿನಲ್ಲಿ ಕೊಟ್ಟ ಏಟು ಲೆಕ್ಕಕ್ಕೇ ಇಲ್ಲ. ಆದರೆ ಆ ಜಗಳ ಗೆದ್ದಿದ್ದು ಅಲ್ಲಿ.

ಇದರಲ್ಲಿ ಅದೃಷ್ಟಕ್ಕಿಂತ ಆಯ್ಕೆ ಜಾಸ್ತಿ. ವಿಸ್ಡಮ್ 16 ಇದ್ದರೆ ಐದನೇ ಲೆವೆಲ್‌ನಲ್ಲಿ ಎದುರಾಳಿ ದಾಟಬೇಕಾದ ಅಂಕಿ 14. ಬಡಕಲು ಮಂತ್ರವಾದಿ ಅದನ್ನು ಮುಟ್ಟುವುದು ನೂರಕ್ಕೆ 35 ಸಲ. ಓಗರ್ ಆದರೆ 50. ಬೆಟ್ಟದ ದೈತ್ಯ ಆದರೆ 55. ಎದುರಿಗೆ ಸಿಕ್ಕಿದ ದಪ್ಪ ಆಸಾಮಿಗೇ ಸ್ಟನ್ ಹಾಕುತ್ತಾ ಕೂತರೆ ಕೀ ಖಾಲಿ, ಕೋಪ ಜಾಸ್ತಿ. ಹಿಂದೆ ಅವಿತು ಕೂತ ಸಣಕಲನನ್ನು ಹುಡುಕಿಕೊಂಡು ಹೋಗಿ. ಅಷ್ಟು ದೂರ ಹೋಗಲಿಕ್ಕೇ ಆ ಕಾಲು ಇರುವುದು.

ಉಳಿದ ಶಕ್ತಿಗಳೂ ಇದಕ್ಕೇ ಒದಗುತ್ತವೆ. ಮೂರನೇ ಲೆವೆಲ್‌ನಿಂದ ಬಾಣವನ್ನು ಕೈಯಲ್ಲಿ ಹಿಡಿಯಬಹುದು. ಐದಕ್ಕೆ ಬರುವ ಹೊತ್ತಿಗೆ ಗಾಬ್ಲಿನ್‌ನ ಮಾಮೂಲಿ ಬಾಣ ಪಾದರಸನಿಗೆ ಸೊಳ್ಳೆ ಇದ್ದ ಹಾಗೆ, ಆದರೆ ಒಂದು ಸುತ್ತಿಗೆ ಒಂದೇ ಬಾಣ ಅನ್ನುವುದು ನೆನಪಿರಲಿ. ನಾಲ್ಕನೆಯದರಲ್ಲಿ ಸ್ಲೋ ಫಾಲ್. ಬಿದ್ದ ಏಟಿನಲ್ಲಿ ಲೆವೆಲ್‌ನ ಐದು ಪಟ್ಟು ಕಳೆಯಬೇಕು. ಐದನೇ ಲೆವೆಲ್‌ಗೆ 25. 40 ಅಡಿ ಮೇಲಿಂದ ಬಿದ್ದರೆ ಹೆಚ್ಚೆಂದರೆ 24. ಅಂದರೆ ಕೋಟೆ ಗೋಡೆಯಿಂದ ಇಳಿಯಲು ಮೆಟ್ಟಿಲೇ ಬೇಡ.

ಮೂರನೇ ಲೆವೆಲ್‌ನಲ್ಲಿ ಪಂಥ ಆರಿಸಬೇಕು. ನನ್ನ ಆಯ್ಕೆ ಓಪನ್ ಹ್ಯಾಂಡ್. ಅದರಲ್ಲಿ ಫ್ಲರಿಯ ಗುದ್ದು ತಾಗಿದರೆ, ಎದುರಾಳಿಯ ರಿಯಾಕ್ಷನ್ ಅನ್ನೇ, ಅಂದರೆ ಸರದಿ ಅಲ್ಲದಾಗ ಪ್ರತಿಕ್ರಿಯಿಸುವ ಅವಕಾಶವನ್ನೇ, ಕಿತ್ತುಕೊಳ್ಳಬಹುದು. ತಡೆಯಲು ಅವನಿಗೆ ದಾಳವೂ ಇಲ್ಲ. ಆಗ ಹೊರಟವನ ಬೆನ್ನಿಗೆ ಹೊಡೆಯಲು ಅವನಿಗೆ ಆಗುವುದಿಲ್ಲ. ಫ್ಲರಿಗೆ ನಾನು ಕೀ ಖರ್ಚು ಮಾಡುವುದು ಇದಕ್ಕೆ ಮಾತ್ರ. ಶ್ಯಾಡೋ ಪಂಥವೂ ಚೆನ್ನಾಗಿದೆ, ಆರನೇ ಲೆವೆಲ್‌ನಲ್ಲಿ ಒಂದು ನೆರಳಿನಿಂದ 60 ಅಡಿ ಆಚೆಯ ಇನ್ನೊಂದು ನೆರಳಿಗೆ ನೆಗೆಯಬಹುದು. ಫೋರ್ ಎಲಿಮೆಂಟ್ಸ್ ನೋಡಲು ಚಂದ, ಕೀ ಕುಡಿಯುವುದರಲ್ಲಿ ಮಾತ್ರ ಆನೆ.

2024ರ ಹೊಸ ನಿಯಮದಲ್ಲಿ ಮಾಂಕ್‌ನ ಬಹಳಷ್ಟು ಕಷ್ಟ ತೀರಿದೆ. ಜಾರಿಕೊಳ್ಳುವುದಕ್ಕೂ ಓಡುವುದಕ್ಕೂ ಕೀ ಬೇಕಿಲ್ಲ, ಬೋನಸ್ ಆಕ್ಷನ್, ಅಂದರೆ ಸರದಿಯಲ್ಲಿ ಸಿಗುವ ಹೆಚ್ಚುವರಿ ಅವಕಾಶ, ಕೊಟ್ಟರೆ ಸಾಕು. ಕೀ ಅನ್ನುವ ಹೆಸರೂ ಹೋಗಿ ಫೋಕಸ್ ಆಗಿದೆ. ಗುದ್ದಿನ ದಾಳ ದೊಡ್ಡದಾಗಿದೆ. ಸ್ಟನಿಂಗ್ ಸ್ಟ್ರೈಕ್ ಮಾತ್ರ ಒಂದು ಸರದಿಗೆ ಒಂದೇ ಸಲ. ಆ ಸೇತುವೆಯ ಕತೆ ಹೊಸ ನಿಯಮದಲ್ಲಿ ಫೈಟರ್‌ನ ತಿಥಿಯಲ್ಲಿ ಮುಗಿಯುತ್ತಿತ್ತೋ ಏನೋ.

ಇನ್ನು ಪಾತ್ರದ ಮಾತು. ನಮ್ಮಮ್ಮ ಒಂದು ಭಾನುವಾರ ಕಾಫಿ ಕೊಡಲು ಬಂದವರು ಕೇಳಿದ್ದರು, "ಸನ್ಯಾಸಿ ಅಂತೀಯ, ಹೊಡೆದಾಡ್ತಾನೆ ಅಂತೀಯ, ಎಂಥಾ ಸನ್ಯಾಸಿನೋ ಅದು?" ನ್ಯಾಯವಾದ ಪ್ರಶ್ನೆ. ಈ ಮಾಂಕ್ ಆಟಕ್ಕೆ ಬಂದಿದ್ದು 1975ರಲ್ಲಿ, ಕುಂಗ್ ಫೂ ಸಿನಿಮಾಗಳ ಹುಚ್ಚು ಜೋರಾಗಿದ್ದ ಕಾಲ. 1978ರ ನಿಯಮದಲ್ಲಿ ಮೇಲಿನ ಲೆವೆಲ್‌ಗೆ ಏರಬೇಕಾದರೆ ಆ ಪಟ್ಟದಲ್ಲಿ ಕೂತವನನ್ನೇ ಹೊಡೆದು ಕೆಳಗಿಳಿಸಬೇಕಿತ್ತು. ಅಮ್ಮನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಮಠದ ರಾಜಕೀಯ ಅನ್ನು" ಅಂದು ಒಳಗೆ ಹೋದರು.

ಗುರುವನ್ನು ಕೊಂದವರ ಮೇಲೆ ಸೇಡು ತೀರಿಸುವ ಮೌನಿ ಮಾಂಕ್ ನನಗೆ ಬೋರು. ಪಾದರಸ ಬಾಯಿಬಡುಕ. ಅವನ ಮಠ ಬೆಟ್ಟದ ಊರುಗಳ ನಡುವೆ ಕಾಗದ ಮುಟ್ಟಿಸುವ ಓಟಗಾರರ ಮಠ. ಹಳೇ ಕಾಲದ ಅಂಚೆ ಓಟಗಾರರಂತೆ ಗೆಜ್ಜೆ ಕಟ್ಟಿದ ಕೋಲು ಅವನದು. ಹಾಳೆಯಲ್ಲಿ ಅದು ಬರೀ ಕ್ವಾರ್ಟರ್‌ಸ್ಟಾಫ್. ಆದರೆ ಕದ್ದು ಒಳಗೆ ನುಗ್ಗುವಾಗೆಲ್ಲ ಡಿಎಂ ತಪ್ಪದೇ ಕೇಳುತ್ತಾರೆ: "ಗೆಜ್ಜೆಗೆ ಬಟ್ಟೆ ಸುತ್ತಿದ್ಯಾ?" ಎರಡು ಸಲ ಮರೆತಿದ್ದೇನೆ. ಒಂದು ಸಲ ಇಡೀ ಕಾವಲು ಪಡೆ ಎದ್ದು ಬಂತು. ಆ ಓಟ ನಮ್ಮ ಗುಂಪಿನಲ್ಲಿ ಇವತ್ತಿಗೂ ತಮಾಷೆ.

ಬರುವ ಭಾನುವಾರ ಪಾದರಸನಿಗೆ ಒಂಬತ್ತನೇ ಲೆವೆಲ್. ಆಗ ಮಾಂಕ್ ತನ್ನ ಸರದಿಯಲ್ಲಿ ನೀರಿನ ಮೇಲೆ ಓಡಬಹುದು, ಆದರೆ ಓಟ ನಿಲ್ಲುವಾಗ ಕಾಲ ಕೆಳಗೆ ನೆಲ ಇರಬೇಕು. ನಡಿಗೆ 50, ಕೀ ಹಾಕಿ ಓಡಿದರೆ 100, ಹೊಡೆಯುವುದನ್ನೂ ಬಿಟ್ಟು ಓಡಿದರೆ 150. ನಿನ್ನೆ ಡಿಎಂ ಮುಂದಿನ ನಕ್ಷೆಯ ಫೋಟೋ ಕಳಿಸಿದ್ದಾರೆ. ನಡುವೆ ಒಂದು ಕೆರೆ. ಚೌಕ ಎಣಿಸಿದೆ, ಮೂವತ್ತೆರಡು. 160 ಅಡಿ. ಜೊತೆಗೆ ಒಂದು ಮೊಸಳೆಯ ಸ್ಟಿಕರ್.