ತಂತಿಗೂ ಬಟ್ಟೆಗೂ ಹೊಂದಿಕೆಯಾಗುವ ತನಕ

ಮೇ 18

ಇಂದಿನಿಂದ ಬೇರೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಎರಡು ತಿಂಗಳಿಂದ ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಕೆಲಸದ ಲೆಕ್ಕವೆಲ್ಲ ಅಂಗಡಿಯ ರವಿಕೆ ಅಳತೆಯ ಪುಸ್ತಕದಲ್ಲಿ ಸೇರಿಹೋಗಿದೆ. ಯಾವುದು ಗಿರಾಕಿಯ ತೋಳಿನ ಸುತ್ತಳತೆ, ಯಾವುದು ಕೊಳವೆಯ ಸುತ್ತಳತೆ ಎಂದು ಹುಡುಕುವುದಕ್ಕೇ ಹೊತ್ತು ಹೋಗುತ್ತದೆ.

ಮಾಡುತ್ತಿರುವುದು ಸ್ಟೆಂಟ್ ಗ್ರಾಫ್ಟ್‌ನ ಮಾದರಿ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಒಂದು ಕಡೆ ಉಬ್ಬಿಕೊಂಡಾಗ ಆ ಉಬ್ಬಿಗೆ ರಕ್ತದ ಒತ್ತಡ ತಾಗದ ಹಾಗೆ ಒಳಗಿನಿಂದ ಕೂರಿಸುವ ಬಟ್ಟೆಯ ಕೊಳವೆ ಅದು. ಬಟ್ಟೆ ಕುಸಿಯದಂತೆ ತಂತಿಯ ಉಂಗುರಗಳು ಹಿಡಿದಿರುತ್ತವೆ. ನನ್ನದು ಮೇಜಿನ ಮೇಲೆ ನೀರಿನಲ್ಲಿ ಪರೀಕ್ಷಿಸುವ ಮಾದರಿ ಮಾತ್ರ. ಮನುಷ್ಯರ ಮೈಯೊಳಗೆ ಹೋಗುವಂಥದ್ದಲ್ಲ, ಹೋಗಲೂಬಾರದು.

ಮೂರು ವರ್ಷಗಳ ಹಿಂದೆ ನಮ್ಮ ಮಾವನವರ ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದು ಮೂತ್ರಕೋಶದ ಕಲ್ಲಿನ ಅನುಮಾನಕ್ಕೆ. ಕಲ್ಲು ಇರಲಿಲ್ಲ. ಎರಡು ಸೆಂಟಿಮೀಟರ್ ಆಸುಪಾಸು ಇರಬೇಕಾದ ಮಹಾಪಧಮನಿ 6.1 ಸೆಂಟಿಮೀಟರ್ ಆಗಿತ್ತು. ಗಂಡಸರಲ್ಲಿ 5.5 ದಾಟಿದರೆ ಸರಿಪಡಿಸುವುದು ವಾಡಿಕೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಕೊಳವೆ ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಮೂರು ಪಟ್ಟು ಅಗಲವಾದರೆ ಎಳೆತವೂ ಮೂರು ಪಟ್ಟು, ಗೋಡೆ ಮಾತ್ರ ತೆಳುವಾಗಿರುತ್ತದೆ. ಮಲ್ಪೆಯಲ್ಲಿ ನಲವತ್ತು ವರ್ಷ ಬಲೆ ಕೆಲಸ ಮಾಡಿದವರು, ಅಷ್ಟೂ ವರ್ಷ ಬೀಡಿ ಸೇದಿದವರು. ಈ ಕಾಯಿಲೆಗೆ ಹೊಗೆಯೇ ದೊಡ್ಡ ಕಾರಣ ಎಂದು ಡಾಕ್ಟರು ಹೇಳಿದ ದಿನವೇ ಬೀಡಿ ಬಿಟ್ಟರು. ಹೊಟ್ಟೆ ಕೊಯ್ಯಲಿಲ್ಲ. ಎರಡು ತೊಡೆಸಂದುಗಳಿಂದ ಗ್ರಾಫ್ಟನ್ನು ಒಳಗೆ ತಳ್ಳಿ ಬಿಡಿಸಿದರು. ಐದನೆಯ ದಿನ ಮನೆಗೆ ಬಂದರು.

ಶಸ್ತ್ರಚಿಕಿತ್ಸೆಗೆ ಮುಂಚೆ ನಮಗೆ ಅರ್ಥವಾಗಲೆಂದು ಡಾಕ್ಟರು ಒಂದು ಮಾದರಿಯನ್ನು ಕೈಗೆ ಕೊಟ್ಟಿದ್ದರು. ಎಲ್ಲರೂ ತಂತಿಯನ್ನು ನೋಡಿದರು, ನಾನು ಹೊಲಿಗೆಯನ್ನು ನೋಡಿದೆ. ತಂತಿಯ ಉದ್ದಕ್ಕೂ ಒಂದೊಂದೇ ಗಂಟು ಹಾಕಿದ ಕೈಹೊಲಿಗೆ. ಅದನ್ನು ಯಾರೋ ಭೂತಗನ್ನಡಿಯ ಕೆಳಗೆ ಕೂತು ಹೊಲಿದಿದ್ದಾರೆ. ಆ ಹೊಲಿಗೆಯ ಮೇಲೆ ನಮ್ಮ ಮನೆಯ ಹಿರಿಯರ ಜೀವ ನಿಂತಿದೆ. ಅದನ್ನು ಅರ್ಥ ಮಾಡಿಕೊಳ್ಳದೆ ಇರಲು ನನಗೆ ಆಗಲಿಲ್ಲ.

ಮೇ 24

ಬಟ್ಟೆ. ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಮೂರು ಬಗೆಯ ಪಾಲಿಯೆಸ್ಟರ್ ತಂದೆ: ತೆಳು ಲೈನಿಂಗ್, ಒತ್ತಾಗಿ ನೇಯ್ದ 0.12 ಮಿಲಿಮೀಟರ್ ದಪ್ಪದ ಬಟ್ಟೆ, ಪ್ಯಾಂಟಿನ 0.25 ಮಿಲಿಮೀಟರ್ ಬಟ್ಟೆ.

ಪಾಲಿಯೆಸ್ಟರ್ ಈ ಕೆಲಸಕ್ಕೆ ಬಂದ ಕಥೆ ಹೊಲಿಯುವವರೆಲ್ಲರಿಗೂ ಗೊತ್ತಿರಬೇಕು. 1950ರ ದಶಕದ ಆರಂಭದಲ್ಲಿ ಹ್ಯೂಸ್ಟನ್ನಿನ ಶಸ್ತ್ರಚಿಕಿತ್ಸಕ ಮೈಕೇಲ್ ಡಿಬೇಕಿ ನೈಲಾನ್ ಬಟ್ಟೆ ಕೊಳ್ಳಲು ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಎಂಬ ಹೊಸ ಬಟ್ಟೆ ಇತ್ತು. ಅದನ್ನೇ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ರಕ್ತನಾಳ ಹೊಲಿದರು. ಆ ಡೇಕ್ರಾನ್ ಪಾಲಿಯೆಸ್ಟರೇ. ಬಟ್ಟೆಯ ರಕ್ತನಾಳವನ್ನು ಅವರಿಗಿಂತ ಮೊದಲು ಬಳಸಿದವರು ಆರ್ಥರ್ ವೂರ್ಹೀಸ್. ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ದಾರದ ಮೇಲೆ ನುಣುಪಾದ ಪೊರೆ ಬೆಳೆದದ್ದನ್ನು ಕಂಡು, ದಾರದ ಮೇಲೆ ಬೆಳೆಯುವುದಾದರೆ ಬಟ್ಟೆಯ ಮೇಲೂ ಬೆಳೆಯಬೇಕಲ್ಲ ಎಂದು ಯೋಚಿಸಿದವರು. ಒಂದು ದಾರವನ್ನು ಅಷ್ಟು ಗಮನವಿಟ್ಟು ನೋಡಿದ್ದಕ್ಕೆ ನನಗೆ ಅವರ ಮೇಲೆ ಬಹಳ ಗೌರವ.

ಆಗೆಲ್ಲ ಹೊಟ್ಟೆ ತೆರೆದೇ ಬಟ್ಟೆಯನ್ನು ನಾಳಕ್ಕೆ ಹೊಲಿಯಬೇಕಿತ್ತು. ತಂತಿ ಸೇರಿದ ಮೇಲೆ ಆ ಹೊಲಿಗೆ ಬೇಡವಾಯಿತು. ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೋಸ್ 1987ರಲ್ಲಿ ಎದೆಯ ಮಹಾಪಧಮನಿಯಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ 1990ರಲ್ಲಿ ಹೊಟ್ಟೆಯ ಮಹಾಪಧಮನಿಯಲ್ಲಿ ಇದನ್ನು ಮಾಡಿ ತೋರಿಸಿದರು. ತಂತಿ ಹೊರಕ್ಕೆ ಒತ್ತುತ್ತದೆ, ಬಟ್ಟೆ ಗೋಡೆಗೆ ಅಂಟಿ ನಿಲ್ಲುತ್ತದೆ.

ಮೇ 31

ಸೋರಿಕೆಯ ಪರೀಕ್ಷೆ. 120 ಮಿಲಿಮೀಟರ್ ಪಾದರಸದ ಒತ್ತಡ ಬೇಕು. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಆದ್ದರಿಂದ 163 ಸೆಂಟಿಮೀಟರ್ ಎತ್ತರದ ನೀರು ಸಾಕು. ಬಾವಿಕಟ್ಟೆಯ ಪಕ್ಕದ ಕಂಬಕ್ಕೆ ಬಕೆಟ್ ಕಟ್ಟಿ, ನೀರಿನ ಮಟ್ಟದಿಂದ ಬಟ್ಟೆಯವರೆಗೆ ಟೇಪು ಹಿಡಿದು ಅಳೆದೆ.

ಮೊದಲು ಇಡೀ ಕೊಳವೆಯನ್ನೇ ಕಟ್ಟಿದ್ದು ತಪ್ಪಾಯಿತು. ಬಕೆಟ್ ಖಾಲಿಯಾಗುವ ವೇಗಕ್ಕೆ ಮಟ್ಟ ನಿಲ್ಲಿಸಲು ಆಗಲಿಲ್ಲ. ಈಗ ಪೈಪಿನ ಬಾಯಿಗೆ ಒಂದು ಚದರ ಸೆಂಟಿಮೀಟರ್ ತೂತಿರುವ ಮುಚ್ಚಳ ಹಾಕಿ, ಅದರಡಿ ಬಟ್ಟೆಯ ತುಂಡು ಕಟ್ಟಿ, ಒಂದು ನಿಮಿಷದ ನೀರನ್ನು ಅಳತೆಯ ಜಾಡಿಯಲ್ಲಿ ಹಿಡಿಯುತ್ತೇನೆ. ಲೈನಿಂಗ್ 640 ಮಿಲಿಲೀಟರ್ ಬಿಟ್ಟಿತು, ಒತ್ತು ನೇಯ್ಗೆಯದ್ದು 180, ಪ್ಯಾಂಟಿನ ಬಟ್ಟೆ 95.

ಕಡಿಮೆ ಸೋರುವುದು ಪ್ಯಾಂಟಿನ ಬಟ್ಟೆಯೇ ಆದರೂ ಅದನ್ನು ಬಿಡಬೇಕಾಯಿತು. ಗ್ರಾಫ್ಟನ್ನು ಮಡಚಿ ತುಂಬಿ ತೊಡೆಯ ನಾಳದಲ್ಲಿ ತಳ್ಳುವ ಹೊರಕೊಳವೆಯ ಒಳಗಿನ ಅಗಲ ಆರು ಮಿಲಿಮೀಟರ್ ಎಂದಿಟ್ಟುಕೊಂಡಿದ್ದೇನೆ. ಡಾಕ್ಟರುಗಳ ಲೆಕ್ಕದಲ್ಲಿ 18 ಫ್ರೆಂಚ್. ಅದರೊಳಗೆ ಇರುವ ಜಾಗ 28 ಚದರ ಮಿಲಿಮೀಟರ್. ನನ್ನ ಗ್ರಾಫ್ಟಿನ ಅಗಲ 29 ಮಿಲಿಮೀಟರ್, ಅಂದರೆ ಸುತ್ತಳತೆ 91. ಪ್ಯಾಂಟಿನ ಬಟ್ಟೆಯಾದರೆ ಅದೊಂದೇ 23 ಚದರ ಮಿಲಿಮೀಟರ್ ತಿನ್ನುತ್ತದೆ, ಅದೂ ನಡುವೆ ಗಾಳಿಯೇ ಇಲ್ಲದಂತೆ ಮಡಚಿದರೆ. 0.12ರದ್ದು 11 ತಿನ್ನುತ್ತದೆ. ಸೀರೆಯ ನಿರಿಗೆ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಕಾಟನ್ ಸೀರೆಯ ಏಳು ನಿರಿಗೆ ಸೊಂಟದಲ್ಲಿ ಎಷ್ಟು ದಪ್ಪ, ಜಾರ್ಜೆಟ್ಟಿನ ಏಳು ನಿರಿಗೆ ಎಷ್ಟು ದಪ್ಪ?

ರಕ್ತ ನೀರಲ್ಲ ಎಂಬುದೂ ನೆನಪಿರಬೇಕು. ಅದು ನೇಯ್ಗೆಯ ಸಂದಿನಲ್ಲಿ ಹೆಪ್ಪುಗಟ್ಟಿ ತಾನೇ ದಾರಿ ಮುಚ್ಚುತ್ತದೆ. 180 ಎಂಬ ಅಂಕಿ ಬಟ್ಟೆಯಿಂದ ಬಟ್ಟೆಗೆ ಹೋಲಿಸಲು ಮಾತ್ರ.

ಜೂನ್ 2

ಸೂಜಿ. ಅದೇ ಬಟ್ಟೆಯ ಒಂದು ಚದರ ಸೆಂಟಿಮೀಟರಿಗೆ ಐದು ತೂತು ಹಾಕಿದೆ. ಯಂತ್ರದ 14 ನಂಬರಿನ ಸೂಜಿಯಲ್ಲಿ 180 ಇದ್ದದ್ದು 410 ಆಯಿತು. ಮಣಿ ಪೋಣಿಸುವ ಸಣ್ಣ ಸೂಜಿಯಲ್ಲಿ 215. ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ದೊಡ್ಡ ಸೂಜಿ ಎಳೆಗಳನ್ನು ಕಡಿದಿದೆ, ಸಣ್ಣ ಸೂಜಿ ಎಳೆಗಳನ್ನು ಸರಿಸಿ ನಡುವೆ ನುಸುಳಿದೆ. ಸರಿದ ಎಳೆ ದಾರಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಕಡಿದ ಎಳೆ ಮರಳಿ ಬರುವುದಿಲ್ಲ. ಇನ್ನು ಯಂತ್ರದ ಹೊಲಿಗೆ ಪಕ್ಕದ ಜೋಡಣೆಗೂ ಇಲ್ಲ.

ಜೂನ್ 15

ತಂತಿ. ನಿಕೆಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್, 0.4 ಮಿಲಿಮೀಟರ್ ದಪ್ಪ. ಎಂಟು ಮೊನೆಗಳ ಅಂಕುಡೊಂಕು ಉಂಗುರಕ್ಕೆ 27 ಸೆಂಟಿಮೀಟರ್ ತಂತಿ ಬೇಕು. ಕೈಯಲ್ಲಿ ಬಗ್ಗಿಸಿದರೆ ಇದು ಹಟಮಾಡಿ ನೆಟ್ಟಗಾಗುತ್ತದೆ. ಉಕ್ಕಿನ ಅಚ್ಚಿನ ಮೇಲಿನ ಗೂಟಗಳಿಗೆ ಬಿಗಿದು, ಸುಮಾರು 500 ಡಿಗ್ರಿಯಲ್ಲಿ ಕಾಯಿಸಿ, ತಣ್ಣೀರಿಗೆ ಹಾಕಿದರೆ ಮಾತ್ರ ಹೊಸ ಆಕಾರವನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ.

ಕುಲುಮೆ ನಮ್ಮ ಭಾವನವರದ್ದು. ಅವರು ಕೃತಕ ಹಲ್ಲು ಮಾಡುವ ಲ್ಯಾಬ್ ನಡೆಸುತ್ತಾರೆ. ಮೇಣದ ಅಚ್ಚು ಸುಡುವ ಸಣ್ಣ ಕುಲುಮೆ ಅಲ್ಲಿದೆ. ಹತ್ತು ನಿಮಿಷ ಇಟ್ಟು ತೆಗೆದ ಮೊದಲ ಉಂಗುರ ಅಚ್ಚಿನಿಂದ ಬಿಚ್ಚಿದೊಡನೆ ಅರ್ಧಕ್ಕರ್ಧ ತೆರೆದುಕೊಂಡಿತು. ಎರಡನೆಯದೂ ಹಾಗೆಯೇ. ಆಮೇಲೆ ಹೊಳೆಯಿತು: ಕುಲುಮೆಯ ಗಾಳಿ 500 ಡಿಗ್ರಿ ಆದಾಗ ದಪ್ಪ ಅಚ್ಚು ಇನ್ನೂ ಕಾಯುತ್ತಲೇ ಇರುತ್ತದೆ. ಉರಿ ಹಚ್ಚಿದ ಮರುಕ್ಷಣ ಕಾವಲಿಗೆ ದೋಸೆ ಹೊಯ್ದರೆ ಏಳುತ್ತದೆಯೇ? ಈಗ ಅಚ್ಚಿನ ಮೈಗೇ ಉಷ್ಣತೆ ಅಳೆಯುವ ತಂತಿ ಕಟ್ಟಿ, ಅದು 500 ಮುಟ್ಟಿದ ಮೇಲೆ ಹತ್ತು ನಿಮಿಷ ಎಣಿಸುತ್ತೇವೆ. ಮೂರನೆಯ ಉಂಗುರ ಆಕಾರ ಹಿಡಿಯಿತು.

ನಾಲ್ಕನೆಯದರ ಒಂದು ಮೊನೆ ಕತ್ತರಿಸಿಹೋಯಿತು. ಗೂಟಗಳಾಗಿ ಎರಡು ಮಿಲಿಮೀಟರಿನ ಮೊಳೆ ಬಳಸಿದ್ದೆ. ಈ ತಂತಿ ಎಂಟು ಪ್ರತಿಶತದಷ್ಟು ಹಿಗ್ಗನ್ನು ತಾಳಿಕೊಂಡು ಮರಳಬಲ್ಲದು, ಆದರೆ ಅಷ್ಟು ಸಣ್ಣ ಮೊಳೆಯ ಸುತ್ತ ಬಗ್ಗಿಸಿದಾಗ ಹೊರಮೈ ಸುಮಾರು ಹದಿನೇಳು ಪ್ರತಿಶತ ಹಿಗ್ಗುತ್ತದೆ. ಐದು ಮಿಲಿಮೀಟರಿನ ಗೂಟಕ್ಕೆ ಬದಲಿಸಿದೆ. ಹಿಗ್ಗು ಏಳೂವರೆಗೆ ಇಳಿಯಿತು, ಆಮೇಲೆ ಒಂದೂ ಮುರಿದಿಲ್ಲ.

ಉಂಗುರದ ಎರಡು ತುದಿಗಳನ್ನು ಸೇರಿಸುವುದಕ್ಕೆ ಹೊಸ 18 ಗೇಜ್ ಇಂಜೆಕ್ಷನ್ ಸೂಜಿಯ ಸಣ್ಣ ತುಂಡು. ಅದರ ಒಳಗಿನ ಅಗಲ 0.84 ಮಿಲಿಮೀಟರ್. 0.4ರ ಎರಡು ತಂತಿಗಳು ಅಕ್ಕಪಕ್ಕ ಸೇರಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತವೆ. ಇಕ್ಕಳದಲ್ಲಿ ಒತ್ತಿ, ಅಂಚು ಉಜ್ಜಿದರೆ ಆಯಿತು.

ಜೂನ್ 29

ಮಳೆ ಜೋರು. ನಾಲ್ಕು ಉಂಗುರ ಹೊಲಿದು ಮುಗಿಸಿದೆ. ಮೊನೆಗೆ ನಾಲ್ಕು ಹೊಲಿಗೆ, ಮೊನೆಗಳ ನಡುವಿನ ನೇರ ಕಾಲಿಗೆ ಆರು.

ಮೀನು ಮಾರುಕಟ್ಟೆಯಿಂದ ಐಸ್ ತಂದು ಬೋಗುಣಿಯಲ್ಲಿ ನೀರು ಬೆರೆಸಿ ಗ್ರಾಫ್ಟನ್ನು ಮುಳುಗಿಸಿದೆ. ತಣ್ಣಗಾದಾಗ ನಿಟಿನಾಲ್‌ನ ಒಳಗಿನ ಜೋಡಣೆಯೇ ಬದಲಾಗುತ್ತದೆ. ಅಷ್ಟು ಹೊತ್ತು ಬೆರಳನ್ನು ಹೊರಕ್ಕೆ ತಳ್ಳುತ್ತಿದ್ದ ಉಂಗುರ ಬೆಂದ ಸೇವಿಗೆಯ ಎಳೆಯ ಹಾಗೆ ಮೆತ್ತಗಾಯಿತು. ಬಟ್ಟೆಯನ್ನು ಮೊನೆಗಳ ನಡುವೆ ಒಳಕ್ಕೆ ನಿರಿಗೆ ಹಿಡಿದು, ದಾರ ಸುತ್ತಿ, ಆರು ಮಿಲಿಮೀಟರಿನ ಕೊಳವೆಗೆ ತೂರಿಸಿದೆ. ನಂತರ 37 ಡಿಗ್ರಿಯ ನೀರಿನಲ್ಲಿಟ್ಟಿದ್ದ 25 ಮಿಲಿಮೀಟರಿನ ಪಾರದರ್ಶಕ ಕೊಳವೆಯೊಳಗೆ ತಳ್ಳಿದೆ. ಮೊದಲ ಉಂಗುರ ಹೊರಬಂದು ಒಂದು ಕ್ಷಣ ಸುಮ್ಮನಿದ್ದು, ಸಂಜೆಮಲ್ಲಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು ಗೋಡೆಗೆ ತಾಗಿತು. ಭಾವನವರನ್ನು ಕೂಗಿ ಕರೆದು ಮತ್ತೆರಡು ಸಲ ಮಾಡಿ ತೋರಿಸಿದೆ.

25ರ ಕೊಳವೆಗೆ 29ರ ಗ್ರಾಫ್ಟ್, ಅಂದರೆ ಹದಿನಾರು ಪ್ರತಿಶತ ದೊಡ್ಡದು. ಹತ್ತರಿಂದ ಇಪ್ಪತ್ತರ ನಡುವೆ ಇರಬೇಕೆನ್ನುತ್ತಾರೆ. ಕಡಿಮೆಯಾದರೆ ಹಿಡಿತವಿಲ್ಲ, ಹೆಚ್ಚಾದರೆ ಉಳಿದ ಬಟ್ಟೆ ನಿರಿಗೆಯಾಗಿ ಆ ನಿರಿಗೆಯಲ್ಲೇ ಸೋರುತ್ತದೆ. ಐದು ಮೊನೆಗಳ ಹಳೆಯ ಉಂಗುರದಲ್ಲಿ ಅಂಥ ಒಂದು ನಿರಿಗೆಯ ಸಂದಿನಿಂದ ಬಣ್ಣದ ನೀರು ಎಳೆಯಾಗಿ ಹರಿದದ್ದನ್ನು ಕಂಡಿದ್ದೆ. ಎಂಟು ಮೊನೆಗಳದ್ದರಲ್ಲಿ ನಿರಿಗೆಗಳು ಸಣ್ಣವು, ಎಳೆ ಕಾಣಲಿಲ್ಲ.

ಜುಲೈ 20

ಬಿಡಿಸಿದ ದಿನ ಚೆನ್ನಾಗಿ ಕೂತರೆ ಸಾಲದು. ಹೃದಯ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಹತ್ತು ವರ್ಷದ ಬಾಳಿಕೆ ಎಂದರೆ ಸುಮಾರು 40 ಕೋಟಿ ಬಡಿತ, ತಯಾರಕರು ಪರೀಕ್ಷಿಸುವುದೂ ಅಷ್ಟಕ್ಕೇ. ಪ್ರತಿ ಬಡಿತಕ್ಕೂ ತಂತಿ ಬಟ್ಟೆಯ ಮೇಲೆ ಕೂದಲೆಳೆಯಷ್ಟು ಜರಗುತ್ತದೆ.

ಹಳೆಯ ಹೊಲಿಗೆ ಯಂತ್ರದ ಸೂಜಿದಂಡಕ್ಕೆ ಸಿರಿಂಜಿನ ಹಿಡಿ ಕಟ್ಟಿದ್ದೇನೆ. ಮೋಟಾರು ನಿಮಿಷಕ್ಕೆ 600 ಸಲ ಒತ್ತಿ ಎಳೆಯುತ್ತದೆ, ಮೆದುವಾದ ಸಿಲಿಕೋನ್ ಕೊಳವೆ ಅಷ್ಟೇ ಸಲ ಉಬ್ಬಿ ಇಳಿಯುತ್ತದೆ. ಹಗಲು ಯಂತ್ರದ ಸದ್ದು ಯಾರಿಗೂ ತೊಂದರೆಯಲ್ಲ, ಆದ್ದರಿಂದ ದಿನಕ್ಕೆ ಆರು ಗಂಟೆ ಓಡಿಸುತ್ತೇನೆ. ಸಿರಿಂಜಿನ ರಬ್ಬರು ಎರಡು ದಿನಕ್ಕೊಮ್ಮೆ ಬದಲಾಗಬೇಕು. ಹನ್ನೆರಡು ದಿನಕ್ಕೆ 26 ಲಕ್ಷ ಬಡಿತ.

ಇಂದು ಬಿಚ್ಚಿ ನೋಡಿದೆ. ಎರಡನೆಯ ಉಂಗುರದ ಮೂರು ಮೊನೆಗಳಲ್ಲಿ ಬಟ್ಟೆ ಜೂಲುಜೂಲಾಗಿದೆ. ಒಂದು ಕಡೆ ಹೊಕ್ಕಿನ ಎಳೆಗಳು ಸವೆದು ಹಾಸು ಮಾತ್ರ ಉಳಿದಿದೆ, ಬೆಳಕಿಗೆ ಹಿಡಿದರೆ ಸಾಸಿವೆಯಷ್ಟು ಕಿಂಡಿ. ಮೈಯೊಳಗೆ ಹೀಗಾದರೆ ಅದಕ್ಕೆ ಮೂರನೆಯ ಬಗೆಯ ಸೋರಿಕೆ ಎನ್ನುತ್ತಾರೆ. ಒತ್ತಡ ನೇರವಾಗಿ ಮತ್ತೆ ಉಬ್ಬಿಗೇ ತಾಗುತ್ತದೆ. ರಾತ್ರಿ ಊಟ ಸೇರಲಿಲ್ಲ. ಒಳಗಿನ ಕೋಣೆಯಲ್ಲಿ ಮಾವ ಮಲಗಿದ್ದರು.

ಜುಲೈ 22

ಮಾವನವರಿಂದ ಮುಚ್ಚಿಡಬಾರದೆಂದು ತೋರಿಸಿದೆ. ಅವರದ್ದು ವರ್ಷಕ್ಕೊಮ್ಮೆ ಸ್ಕ್ಯಾನ್ ಆಗುತ್ತದೆ, ಉಬ್ಬು 5.2ಕ್ಕೆ ಇಳಿದಿದೆ, ಇದು ನನ್ನ ಕೈಯ ಹೊಲಿಗೆಯ ತಪ್ಪು ಎಂದು ಮೊದಲೇ ಹೇಳಿದೆ. ಅವರು ಕಿಟಕಿಯ ಬಳಿ ಹೋಗಿ ಕಿಂಡಿಗಿಂತ ಹೆಚ್ಚು ಹೊತ್ತು ಅದರ ಪಕ್ಕದ ಹೊಲಿಗೆಗಳನ್ನೇ ನೋಡಿದರು. ಉಗುರಿನಿಂದ ಒಂದನ್ನು ತಳ್ಳಿದರು. ಹೊಲಿಗೆ ತಂತಿಯ ಮೇಲೆ ಜಾರಿತು.

“ನೀನು ತಂತಿಗೆ ದಾರ ಸುತ್ತಿದ್ದೀ, ಕಟ್ಟಿಲ್ಲ” ಎಂದರು. “ಬಲೆಯನ್ನು ಮೇಲಿನ ಹಗ್ಗಕ್ಕೆ ಹೀಗೆ ಸುತ್ತಿ ಬಿಟ್ಟರೆ ಒಂದೇ ವಾರದಲ್ಲಿ ಹಗ್ಗ ಬಲೆಯನ್ನು ತಿನ್ನುತ್ತದೆ. ಮೊದಲು ದಾರ ಹಗ್ಗವನ್ನು ಹಿಡಿಯಬೇಕು. ಆಮೇಲೆ ಬಲೆಯನ್ನು ಹಿಡಿಯಬೇಕು.”

ಬಲೆ ಹೆಣೆಯುವ ಸೂಜಿ ಇನ್ನೂ ಅವರ ಪೆಟ್ಟಿಗೆಯಲ್ಲಿದೆ. ಟೇಪು ಕಟ್ಟುವ ಹಗ್ಗದ ತುಂಡಿನ ಮೇಲೆ ನಿಧಾನವಾಗಿ ತೋರಿಸಿದರು: ಒಂದು ಸುತ್ತು ಎಡದಿಂದ, ದಾರ ತನ್ನ ಮೇಲೆಯೇ ಅಡ್ಡ ಹಾಯ್ದು ಎರಡನೆಯ ಸುತ್ತು, ತುದಿ ಅದರ ಅಡಿಯಿಂದ ಹೊರಕ್ಕೆ. ಎಳೆದಷ್ಟೂ ತಾನೇ ಬಿಗಿಯುವ ಗಂಟು. ಕನ್ನಡಕ ಹಾಕಿಕೊಂಡು 0.4ರ ತಂತಿಯ ಮೇಲೆ ಅದನ್ನು ಕಲಿಯಲು ನನಗೆ ಆ ರಾತ್ರಿ ಪೂರ್ತಿ ಬೇಕಾಯಿತು.

ಆಗಸ್ಟ್ 17

ಎರಡು ಉಂಗುರ ಹಳೆಯ ಹೊಲಿಗೆ, ಎರಡು ಉಂಗುರ ಮಾವನವರ ಗಂಟು, ಒಂದೇ ಕೊಳವೆಯಲ್ಲಿ. 26 ಲಕ್ಷ ಬಡಿತಕ್ಕೆ ನಿಲ್ಲಿಸಿದೆ. ಹಳೆಯವುಗಳಲ್ಲಿ ನಾಲ್ಕು ಮೊನೆ ಜೂಲಾಗಿವೆ. ಗಂಟಿನವುಗಳಲ್ಲಿ ಒಂದು ಮೊನೆಯಲ್ಲಿ ಮಾತ್ರ ಬಟ್ಟೆಯ ಹೊಳಪು ಹೋಗಿದೆ, ಎಳೆ ತುಂಡಾಗಿಲ್ಲ. ಆ ಮೊನೆಯ ಗಂಟನ್ನು ನಾನು ಸರಿಯಾಗಿ ಎಳೆದಿರಲಿಲ್ಲ. ಗಂಟಿನಿಂದ ದಪ್ಪ ಹೆಚ್ಚಿದ್ದರಿಂದ ಆರು ಮಿಲಿಮೀಟರಿನ ಕೊಳವೆಗೆ ತೂರಿಸುವುದು ಕಷ್ಟವಾಯಿತು, ಆದರೆ ಹೋಯಿತು. ಇನ್ನೂ ತೆಳುವಾದ ದಾರ ಹುಡುಕಬೇಕು.

ಕಿನ್ನಿಗೋಳಿ ಕಡೆಯ ನೇಕಾರರೊಬ್ಬರನ್ನು ಭೇಟಿಯಾದೆ, ಉಡುಪಿ ಸೀರೆ ನೇಯುವವರು. ಪಕ್ಕದ ಜೋಡಣೆಯೇ ಇಲ್ಲದ ಕೊಳವೆ ಮಗ್ಗದಲ್ಲಿ ಸಾಧ್ಯವೇ ಎಂದು ಕೇಳಿದೆ. ಮೇಲೊಂದು ಕೆಳಗೊಂದು ಎರಡು ಪದರ ಒಟ್ಟಿಗೆ ನೇಯ್ದು, ಲಾಳಿಯನ್ನು ಒಮ್ಮೆ ಮೇಲಿನ ಪದರದಲ್ಲಿ, ಮರಳಿ ಕೆಳಗಿನದರಲ್ಲಿ ಓಡಿಸಿದರೆ ಎರಡು ಅಂಚುಗಳೂ ತಾವಾಗಿಯೇ ಕೂಡಿಕೊಳ್ಳುತ್ತವೆ ಎಂದರು. ಅದಕ್ಕೆ ನಾಲ್ಕು ತುಳಿಗೋಲು ಬೇಕು, ಅವರ ಮಗ್ಗದಲ್ಲಿ ಎರಡಿವೆ. ಅಷ್ಟಮಿ ಕಳೆದ ಮೇಲೆ ಇನ್ನೆರಡು ಕೂರಿಸಿ ನೋಡೋಣ ಎಂದಿದ್ದಾರೆ. ಪಾಲಿಯೆಸ್ಟರ್ ನೂಲು ನಾನು ತಂದುಕೊಡಬೇಕು.

ಗಂಟಿನ ಉಂಗುರಗಳು ಮತ್ತೆ ಯಂತ್ರಕ್ಕೇರಿವೆ. ಇಂದು ಸಂಜೆಗೆ ಎಣಿಕೆ 28 ಲಕ್ಷ.