ಲಾಂಚು ತಪ್ಪಿದ ರಾತ್ರಿಗಳು

ಸಾಗರದಿಂದ ಹೊರಟ ಬಸ್ಸು ಶರಾವತಿ ಹಿನ್ನೀರಿನ ದಡದ ಅಂಬಾರಗೋಡ್ಲಿನಲ್ಲಿ ಸೀದಾ ಹೊಸ ಸೇತುವೆ ಏರಿತು. ನಾನು ಹಳೇ ಅಭ್ಯಾಸಕ್ಕೆ ಲಾಂಚು, ಅಂದರೆ ಹೊಳೆ ದಾಟಿಸುವ ದೋಣಿ, ಹತ್ತಲು ಬ್ಯಾಗು ಹೆಗಲಿಗೆ ಹಾಕಿ ಎದ್ದು ನಿಂತಿದ್ದೆ. ಪಕ್ಕದವರು ನಕ್ಕು, "ಕೂತ್ಕೊಳ್ಳಿ ಮಾರಾಯ್ರೆ, ಈಗ ಲಾಂಚು ಹತ್ತೋದೇನಿಲ್ಲ" ಅಂದರು.

ಹಿಂದಿನ ಸಲ ಬಂದಾಗ ಕಾದಿದ್ದೂ ಸೇರಿ ಹೊಳೆ ದಾಟಲು ಮುಕ್ಕಾಲು ಗಂಟೆ ಹಿಡಿದಿತ್ತು. ಈ ಸಲ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅರ್ಧ ಹೊಳೆ ಮುಗಿದಿತ್ತು. ಸೇತುವೆ 2.44 ಕಿ.ಮೀ. ಉದ್ದ, 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಡುವೆ ಅರವತ್ತೊಂದು ವರ್ಷ! ನಾಡಿಗೆಲ್ಲ ಕರೆಂಟು ಕೊಡಲು ಮುಳುಗಿದ ಸೀಮೆ ಇದು. ಒಂದು ಸೇತುವೆಗೆ ಇಷ್ಟು ಕಾಯಿಸಿದ್ದು ಜಾಸ್ತಿಯೇ ಆಯಿತು ಅಲ್ವಾ?

ಸಿಗಂದೂರಿನ ಚೌಡೇಶ್ವರಿ ದೇವಸ್ಥಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದರ್ಶನ ಆಯಿತು, ರಶ್ಶು ಇತ್ತು. ಸೇತುವೆ ಮೇಲೆ ಕಾರು ಅಡ್ಡ ನಿಲ್ಲಿಸಿ ಫೋಟೋ ತೆಗೆಯುವವರನ್ನು ನೋಡಿದರೆ ಮಾತ್ರ ಮೈ ಉರಿಯುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಹೊಳೆಯಾಚೆಯ ಊರು ತುಮರಿಯ ಒಂದು ಸಣ್ಣ ಚಹಾದಂಗಡಿ. ನಡೆಸುವ ಅಮ್ಮನಿಗೆ ಎಪ್ಪತ್ತರ ಹತ್ತಿರ. ಕೈಯಲ್ಲಿ ಅಡಿಕೆ ಕತ್ತರಿಸುತ್ತ ಒಂದು ಕಣ್ಣು ಹಾಲಿನ ಮೇಲೆ. ಸುಮ್ನೆ ಕೇಳಿದೆ, "ಊರಲ್ಲಿ ಎಷ್ಟು ಜನ ಇದೀರಿ ಅಮ್ಮ?"

"ಯಾವ ಲೆಕ್ಕ ಬೇಕು ತಮ್ಮ? ರೇಷನ್ ಕಾರ್ಡಿಂದಾ, ಓಟಿಂದಾ, ರಾತ್ರಿ ದೀಪ ಹಚ್ಚೋರದ್ದಾ?"

ದೀಪದ್ದೇ ಹೇಳಿ ಅಂದೆ. ಅಡಿಕೆ ಬದಿಗಿಟ್ಟು ಬೆರಳು ಮಡಚಿದರು. ಅವರ ಕೇರಿಯಲ್ಲಿ ಒಂಬತ್ತು ಮನೆ. ಮೂರಕ್ಕೆ ಬೀಗ. ನಾಲ್ಕರಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ವಯಸ್ಸಾಗಿದೆ. ಸ್ಕೂಲಿಗೆ ಹೋಗೋ ಮಕ್ಕಳಿರುವುದು ಎರಡೇ ಮನೆಯಲ್ಲಿ. ದೇಶದ ಜನಗಣತಿ 2011ರ ನಂತರ ಮತ್ತೆ ಆಗಿಲ್ಲ, ಮುಂದಿನದ್ದು 2027ಕ್ಕೆ. ಈ ಅಮ್ಮನದ್ದು ಮಾತ್ರ ದಿನಾ ನಡೆಯುತ್ತದೆ.

"ಸೇತುವೆ ಬಂತಲ್ಲ, ಊರು ಬಿಟ್ಟೋರು ಇನ್ನು ವಾಪಸ್ ಬರಬಹುದು" ಅಂದೆ.

"ಬರ್ತಾರೆ. ಬೆಳಿಗ್ಗೆ ಬಂದು ಸಂಜೆ ಹೋಗ್ತಾರೆ. ಮೊದಲಾದ್ರೆ ಲಾಂಚು ತಪ್ಪಿತು ಅಂತ ಒಂದು ರಾತ್ರಿ ಉಳೀತಿದ್ರು."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರೇ ಮುಂದುವರಿಸಿದರು: "ಹಂಗಂತ ಲಾಂಚೇ ಇರ್ಬೇಕಿತ್ತು ಅಂತ ನಾನು ಹೇಳೋದಿಲ್ಲ. ನಮ್ಮ ಸೊಸೆಗೆ ನೋವು ಶುರುವಾಗಿದ್ದು ರಾತ್ರಿ. ಲಾಂಚು ಸಂಜೆಗೇ ಬಂದ್. ಜೀಪಲ್ಲಿ ನಿಟ್ಟೂರು ಮೇಲೆ ಸುತ್ತಿ ಹೊಸನಗರ ದಾಟ್ಕೊಂಡು ಹೋದ್ವಿ. ದಾರಿಯುದ್ದಕ್ಕೂ ನಾನು ಅವಳ ಕೈ ಬಿಡ್ಲಿಲ್ಲ. ಮೊಮ್ಮಗ ಈಗ ಬೆಂಗಳೂರಲ್ಲಿ ಓದ್ತಿದಾನೆ." ಹಾಲು ಉಕ್ಕಿತು. ಎದ್ದು ಹೋದರು.

ಆ ಮಾತಿನ ಗುಂಗಲ್ಲೇ ನಾನು ಬಸ್ಸು ತಪ್ಪಿಸಿಕೊಂಡೆ. ಇದು ಓದಿ ಹೋಗುವವರಿಗೆ ಒಂದು ಮಾತು: ಸೇತುವೆ ಇದೆ ಅಂದಮಾತ್ರಕ್ಕೆ ಬೇಕಾದಾಗೆಲ್ಲ ಬಸ್ಸು ಸಿಗುತ್ತದೆ ಅಂದುಕೊಳ್ಳಬೇಡಿ. ಹೋಗುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬರುವ ಹೊತ್ತು ಕೇಳಿಟ್ಟುಕೊಳ್ಳಿ. ಮೊಬೈಲ್ ನಂಬಿ ನಾನು ಎರಡು ಗಂಟೆ ರಸ್ತೆ ಬದಿ ನಿಂತೆ. ಸಾಲಾಗಿ ಕಾರುಗಳು ಹೋದವು, ಒಂದೂ ನಿಲ್ಲಲಿಲ್ಲ.

ಕತ್ತಲಾಗುತ್ತಿದ್ದಂತೆ ಅಮ್ಮ ಅಂಗಡಿಗೆ ಬಾಗಿಲು ಹಾಕಿ ಬಂದರು. "ಬಸ್ಸು ಬರದಿದ್ರೆ ಮನೆಗೆ ಬಾ ತಮ್ಮ. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಇದೆ."

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಲೈಟು ಕಂಡಿತು. "ಬಂತು ನೋಡು" ಅಂದರು ಅವರು. ಖುಷಿಯಿಂದ ಹೇಳಿದಂತೆ ಕೇಳಲಿಲ್ಲ.